ಪಾದದ ಮೂಳೆ ಮುರಿದಾಗ: ಉಳುಕೆಂದು ಉದಾಸೀನ ಬೇಡ

ಬೆಳಗ್ಗೆ ಎದ್ದ ಕೂಡಲೇ ಬಾವಿಕಟ್ಟೆಗೆ, ಅಡುಗೆಮನೆಗೆ, ಅಂಗಳಕ್ಕೆ, ಮಕ್ಕಳನ್ನು ಬಸ್ಸಿಗೆ ಹತ್ತಿಸಲು ರಸ್ತೆಯ ತುದಿಗೆ, ಮತ್ತೆ ಒಲೆಯ ಮುಂದಕ್ಕೆ. ಮನೆಯ ಹೆಂಗಸು ದಿನವೊಂದಕ್ಕೆ ಎಷ್ಟು ಹೆಜ್ಜೆ ಇಡುತ್ತಾಳೆಂದು ಯಾರೂ ಲೆಕ್ಕ ಇಟ್ಟಿಲ್ಲ. ಆ ಭಾರವನ್ನೆಲ್ಲ ಹೊರುವ ಪಾದದ ನೆನಪು ನಮಗೆ ಬರುವುದು ಅದು ನೋಯತೊಡಗಿದಾಗ ಮಾತ್ರ. ಆಗಲೂ ನಮ್ಮ ಬಾಯಿಂದ ಬರುವ ಮೊದಲ ಮಾತು, "ಏನಿಲ್ಲ, ಸ್ವಲ್ಪ ಉಳುಕಿದೆ. ನಾಳೆ ಸರಿಯಾಗುತ್ತದೆ" ಎಂಬುದು.

ನಾಳೆ ಸರಿಯಾದರೆ ಅಲ್‌ಹಮ್ದುಲಿಲ್ಲಾಹ್. ಆದರೆ ಎಲ್ಲ ನೋವೂ ಉಳುಕಲ್ಲ. ಒದ್ದೆ ಬಚ್ಚಲಿನಲ್ಲಿ ಜಾರಿದಾಗ, ಕೊನೆಯ ಮೆಟ್ಟಿಲು ಇಲ್ಲವೆಂದುಕೊಂಡು ಕಾಲಿಟ್ಟಾಗ, ತುಂಬಿದ ಗ್ಯಾಸ್ ಸಿಲಿಂಡರ್ ಕಾಲಿನ ಮೇಲೆ ಉರುಳಿದಾಗ ಪಾದದ ಮೂಳೆ ಮುರಿಯಬಹುದು. ಮುರಿದ ಮೂಳೆಯ ಮೇಲೆಯೇ ಎರಡು ವಾರ ನಡೆದಾಡಿ, ಎಣ್ಣೆ ಹಚ್ಚಿ ತಿಕ್ಕಿಸಿಕೊಂಡು, ಕೊನೆಗೆ ಆಸ್ಪತ್ರೆಗೆ ಹೋಗುವ ಸಹೋದರಿಯರು ನಮ್ಮ ನಡುವೆ ಕಡಿಮೆಯಿಲ್ಲ. ಆ ಎರಡು ವಾರಗಳ ಬೆಲೆ ಕೆಲವೊಮ್ಮೆ ಜೀವನವಿಡೀ ಉಳಿಯುವ ಕುಂಟು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ಸಾವಧಾನವಾಗಿ ತಿಳಿದುಕೊಳ್ಳೋಣ.

ಪಾದದೊಳಗೆ ಏನಿದೆ?

ನಮ್ಮ ಒಂದೊಂದು ಪಾದದಲ್ಲಿ 26 ಮೂಳೆಗಳಿವೆ. ಬೆಳೆದ ಮನುಷ್ಯನ ದೇಹದಲ್ಲಿರುವ ಮೂಳೆಗಳು ಒಟ್ಟು 206. ಅಂದರೆ ದೇಹದ ಕಾಲು ಭಾಗದಷ್ಟು ಮೂಳೆಗಳು ಎರಡು ಪಾದಗಳಲ್ಲೇ ಇವೆ! ಅಲ್ಲಾಹನು ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಜೋಡಣೆ ಮಾಡಿರುವುದರಿಂದಲೇ ನಾವು ಏರು ತಗ್ಗಿನಲ್ಲಿ ನಡೆಯಬಲ್ಲೆವು, ತುದಿಗಾಲಲ್ಲಿ ನಿಂತು ಅಟ್ಟದ ಮೇಲಿನ ಡಬ್ಬಿ ತೆಗೆಯಬಲ್ಲೆವು.

ಈ 26ರಲ್ಲಿ 14 ಬೆರಳುಗಳ ಮೂಳೆಗಳು. ಹೆಬ್ಬೆರಳಿಗೆ ಎರಡು, ಉಳಿದ ನಾಲ್ಕು ಬೆರಳುಗಳಿಗೆ ಮೂರು ಮೂರು. ಬೆರಳುಗಳ ಹಿಂದೆ ಪಾದದ ಉದ್ದಕ್ಕೆ ಇರುವ ನೀಳ ಮೂಳೆಗಳು 5. ಅವುಗಳ ಹಿಂದೆ ಪಾದದ ಕಮಾನು ಮತ್ತು ಹಿಮ್ಮಡಿಯನ್ನು ರೂಪಿಸುವ ಗಿಡ್ಡ ಮೂಳೆಗಳು 7. ಇವುಗಳನ್ನು ನೂರಕ್ಕೂ ಹೆಚ್ಚು ಗಟ್ಟಿ ನಾರುಗಳು ಹಿಡಿದಿಟ್ಟಿವೆ. ಈ ನಾರು ಎಳೆದರೆ ಅಥವಾ ಹರಿದರೆ ಅದು ಉಳುಕು. ಮೂಳೆಯೇ ಬಿರುಕು ಬಿಟ್ಟರೆ ಅಥವಾ ತುಂಡಾದರೆ ಅದು ಮೂಳೆ ಮುರಿತ. ಎರಡರಲ್ಲೂ ನೋವು, ಊತ, ನೀಲಿಗಟ್ಟುವಿಕೆ ಇರುತ್ತದೆ. ಗೊಂದಲ ಹುಟ್ಟುವುದೇ ಇಲ್ಲಿ.

ಮೂಳೆ ವೈದ್ಯರೇ ಮೋಸ ಹೋದಾಗ

ಈ ಗೊಂದಲ ನಮಗೆ ಮಾತ್ರವಲ್ಲ, ದೊಡ್ಡ ವೈದ್ಯರಿಗೂ ಆಗಿದೆ. ಇಂಗ್ಲೆಂಡಿನ ಸರ್ ರಾಬರ್ಟ್ ಜೋನ್ಸ್ ತಮ್ಮ ಕಾಲದ ಹೆಸರಾಂತ ಮೂಳೆ ಶಸ್ತ್ರವೈದ್ಯರು. ಒಮ್ಮೆ ನೃತ್ಯ ಮಾಡುವಾಗ ಅವರ ಪಾದ ಹೊರಮಗ್ಗುಲಿಗೆ ಹೊರಳಿತು. ನೋವು ಕಂಡು ಅವರು ಮೊದಲು ಊಹಿಸಿದ್ದು ಸ್ನಾಯುವಿನ ನಾರು ಹರಿದಿದೆ ಎಂದು. ಕ್ಷಕಿರಣದಲ್ಲಿ ನೋಡಿದಾಗ ಕಿರುಬೆರಳಿನ ಹಿಂದಿನ ನೀಳ ಮೂಳೆ ಮುರಿದಿತ್ತು. ತಮ್ಮ ಪಾದವನ್ನೂ ಅಂಥದೇ ಇತರ ಕೆಲವರ ಪಾದಗಳನ್ನೂ ಆಧರಿಸಿ ಅವರು 1902ರಲ್ಲಿ ಲೇಖನ ಬರೆದರು. ಆ ಮುರಿತಕ್ಕೆ ಇಂದಿಗೂ ವೈದ್ಯರು ಅವರದೇ ಹೆಸರು ಹೇಳುತ್ತಾರೆ.

ರಾಂಟ್ಜೆನ್ ಕ್ಷಕಿರಣವನ್ನು ಕಂಡುಹಿಡಿದದ್ದು 1895ರಲ್ಲಿ. ಅದಕ್ಕೆ ಹತ್ತು ವರ್ಷ ಹಿಂದೆ ಕಾಲು ಹೊರಳಿದ್ದರೆ ಜೋನ್ಸ್ ಕೂಡ ಅದನ್ನು ಉಳುಕೆಂದೇ ನಂಬುತ್ತಿದ್ದರೇನೋ! ಮೂಳೆಗಳ ನಡುವೆಯೇ ಆಯುಷ್ಯ ಕಳೆದ ವೈದ್ಯರಿಗೆ ತಮ್ಮ ಪಾದವನ್ನೇ ಕೈಯಿಂದ ಮುಟ್ಟಿ ಖಚಿತವಾಗಿ ಹೇಳಲಾಗಲಿಲ್ಲ. ಹಾಗಿರುವಾಗ ನೆರೆಮನೆಯ ಅಜ್ಜಿ ಹೆಬ್ಬೆರಳಿನಿಂದ ಒತ್ತಿ "ಮೂಳೆಗೆ ಏನೂ ಆಗಿಲ್ಲ" ಎಂದರೆ ಅದನ್ನು ಎಷ್ಟು ನಂಬಬಹುದು? ನೀವೇ ಯೋಚಿಸಿ.

ಹೇಗೆ ಗುರುತಿಸುವುದು?

ಹಾಗಾದರೆ ಕಾಲು ತಿರುಚಿದಾಗಲೆಲ್ಲ ಎಕ್ಸರೇ ತೆಗೆಸಬೇಕೆ? ಬೇಕಿಲ್ಲ. ಕೆನಡಾದ ಒಟ್ಟಾವಾ ನಗರದಲ್ಲಿ ವೈದ್ಯ ಇಯಾನ್ ಸ್ಟೀಲ್ ಮತ್ತು ಸಂಗಡಿಗರು 1992ರಲ್ಲಿ ಇದಕ್ಕೆ ಒಂದು ಸರಳ ನಿಯಮ ರೂಪಿಸಿದರು. ಜಗತ್ತಿನ ಬಹಳ ಆಸ್ಪತ್ರೆಗಳಲ್ಲಿ ಅದು ಬಳಕೆಯಲ್ಲಿದೆ. ಅದರ ಸಾರ ಹೀಗಿದೆ.

ಪಾದದ ನಡುಭಾಗದಲ್ಲಿ ನೋವಿದ್ದು, ಕೆಳಗಿನ ಮೂರರಲ್ಲಿ ಒಂದು ಇದ್ದರೂ ಎಕ್ಸರೇ ಬೇಕು.

ಒಂದು: ಪಾದದ ಹೊರ ಅಂಚಿನಲ್ಲಿ, ಕಿರುಬೆರಳು ಮತ್ತು ಹಿಮ್ಮಡಿಯ ನಡುವೆ ಕೈಗೆ ಸಿಗುವ ಮೂಳೆಯ ಉಬ್ಬನ್ನು ಒತ್ತಿದರೆ ನೋವು.

ಎರಡು: ಪಾದದ ಒಳ ಅಂಚಿನಲ್ಲಿ, ಕಮಾನಿನ ಮೇಲಿರುವ ಮೂಳೆಯನ್ನು ಒತ್ತಿದರೆ ನೋವು.

ಮೂರು: ಪೆಟ್ಟಾದ ಕೂಡಲೇ ಹಾಗೂ ವೈದ್ಯರು ಪರೀಕ್ಷಿಸುವ ಹೊತ್ತಿನಲ್ಲಿ, ಎರಡು ಸಲವೂ, ಆ ಕಾಲಿನ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ನಡೆಯಲಾಗದಿರುವುದು. ಕುಂಟುತ್ತಾ ನಡೆದರೂ ಅದು ನಡಿಗೆಯೇ.

ನೋವು ಪಾದಕ್ಕಿಂತ ಮೇಲೆ, ಕಣಕಾಲಿನ ಗಂಟಿನ ಬಳಿ ಇದ್ದರೆ ಎರಡೂ ಬದಿಯ ಗುಬುಟುಗಳ ಹಿಂದಿನ ಅಂಚನ್ನೂ ತುದಿಯನ್ನೂ ಒತ್ತಿ ನೋಡಬೇಕು. ಅಲ್ಲಿ ಮೂಳೆಯ ಮೇಲೆಯೇ ನೋವಿದ್ದರೆ, ಅಥವಾ ಮೇಲೆ ಹೇಳಿದಂತೆ ನಾಲ್ಕು ಹೆಜ್ಜೆ ಹಾಕಲಾಗದಿದ್ದರೆ ಎಕ್ಸರೇ ಅಗತ್ಯ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಬಿಡಬೇಕು. "ನಡೆಯಲು ಆಗುತ್ತದೆ, ಆದ್ದರಿಂದ ಮುರಿದಿಲ್ಲ" ಎನ್ನುವುದು ಸರಿಯಲ್ಲ. ಬಿರುಕು ಬಿಟ್ಟ ಮೂಳೆಯ ಮೇಲೂ ನಡೆಯಬಹುದು. ಅದಕ್ಕೇ ಆ ನಿಯಮದಲ್ಲಿ ನಡಿಗೆ ಒಂದೇ ಅಲ್ಲ, ಒತ್ತಿದಾಗಿನ ನೋವೂ ಸೇರಿದೆ. "ಬೆರಳು ಆಡಿಸಲು ಆಗುತ್ತದೆ" ಎನ್ನುವುದೂ ಪುರಾವೆಯಲ್ಲ. ಬೆರಳನ್ನು ಆಡಿಸುವುದು ಸ್ನಾಯು. ಮೂಳೆ ಮುರಿದರೂ ಸ್ನಾಯು ತನ್ನ ಕೆಲಸ ಮಾಡಬಲ್ಲದು.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ, ನೋವು ಎಲ್ಲೆಂದು ಹೇಳಲಾಗದ ಪುಟ್ಟ ಮಕ್ಕಳಿಗೆ, ಒತ್ತಿ ನೋಡಲಾಗದಷ್ಟು ಊದಿಕೊಂಡ ಪಾದಕ್ಕೆ ಈ ನಿಯಮವನ್ನು ನೆಚ್ಚಬಾರದು. ಅವರನ್ನು ವೈದ್ಯರೇ ನೋಡಲಿ.

ಗರ್ಭಿಣಿಯರಿಗೆ ಒಂದು ಸಮಾಧಾನದ ಮಾತು. ಗರ್ಭಿಣಿ ಎಂದು ವೈದ್ಯರಿಗೂ ಎಕ್ಸರೇ ತೆಗೆಯುವವರಿಗೂ ಮೊದಲೇ ಹೇಳಿ. ಪಾದದ ಎಕ್ಸರೇಗೆ ಬೇಕಾಗುವ ಕಿರಣ ಅತ್ಯಲ್ಪ, ಗರ್ಭದಿಂದ ದೂರವೂ ಹೌದು. ಆ ಭಯದಿಂದ ಮುರಿತವನ್ನು ಹಾಗೇ ಬಿಡಬೇಕಿಲ್ಲ.

ತಡಮಾಡದೆ ಹೊರಡಬೇಕಾದದ್ದು ಯಾವಾಗ?

ಪಾದ ಅಥವಾ ಬೆರಳು ಸೊಟ್ಟಗಾಗಿದ್ದರೆ, ಚರ್ಮ ಹರಿದು ಗಾಯವಾಗಿದ್ದರೆ ಅಥವಾ ಮೂಳೆ ಕಾಣುತ್ತಿದ್ದರೆ, ಬೆರಳುಗಳು ತಣ್ಣಗಾಗಿ ಬಿಳಿಚಿ ಅಥವಾ ನೀಲಿಯಾಗಿ ಜೋಮು ಹಿಡಿದಿದ್ದರೆ ನಾಳೆಗೆ ಕಾಯಬೇಡಿ. ಅಂಗಾಲಿನ ನಡುವೆ ನೀಲಿ ಕಲೆ ಮೂಡಿದರೂ ಹಾಗೆಯೇ. ಅದು ಪಾದದ ನಡುಭಾಗದ ಕೀಲು ಸರಿದಿರುವುದರ ಸೂಚನೆ ಆಗಿರಬಹುದು. ಎತ್ತರದಿಂದ ಹಿಮ್ಮಡಿಯ ಮೇಲೆ ಬಿದ್ದವರನ್ನು ಎಬ್ಬಿಸಿ ನಡೆಸಬೇಡಿ. 108ಕ್ಕೆ ಕರೆ ಮಾಡಿ.

ಮೊದಲ ಗಂಟೆಯಲ್ಲಿ ಏನು ಮಾಡಬೇಕು?

ಮೊದಲು ಕೂರಿಸಿ. ಆ ಕಾಲಿನ ಮೇಲೆ ಭಾರ ಬೀಳಬಾರದು. ಚಪ್ಪಲಿ, ಕಾಲುಂಗುರ, ಗೆಜ್ಜೆಗಳನ್ನು ಕೂಡಲೇ ತೆಗೆಯಿರಿ. ಊತ ಏರಿದ ಮೇಲೆ ಅವು ಬರುವುದಿಲ್ಲ, ರಕ್ತದ ಹರಿವಿಗೂ ತಡೆಯಾಗುತ್ತವೆ.

ಐಸ್ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ. ಎರಡು ಮೂರು ಗಂಟೆಗೊಮ್ಮೆ ಮೊದಲ ಎರಡು ದಿನ ಹೀಗೆ ಮಾಡಬಹುದು. ಐಸನ್ನು ನೇರವಾಗಿ ಚರ್ಮಕ್ಕೆ ತಾಗಿಸಬೇಡಿ. ಮಲಗಿಸಿ, ಎರಡು ದಿಂಬುಗಳ ಮೇಲೆ ಪಾದವನ್ನು ಎದೆಗಿಂತ ಎತ್ತರಕ್ಕೆ ಇಡಿ. ಆಸ್ಪತ್ರೆಗೆ ಒಯ್ಯುವಾಗ ಪಾದ ಅಲುಗಾಡದಂತೆ ದಿಂಬನ್ನೇ ಸುತ್ತಿ ದುಪಟ್ಟಾದಿಂದ ಸಡಿಲವಾಗಿ ಕಟ್ಟಿದರೆ ಸಾಕು. ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಮುಚ್ಚಿ. ಹೊರಬಂದ ಮೂಳೆಯನ್ನು ಒಳಗೆ ತಳ್ಳಲು ಹೋಗಬಾರದು. ಗಾಯವಿದ್ದರೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ. ಶಸ್ತ್ರಚಿಕಿತ್ಸೆ ಬೇಕಾಗಬಹುದು ಎನಿಸಿದರೆ ವೈದ್ಯರು ನೋಡುವವರೆಗೆ ಊಟ ಕೊಡಬೇಡಿ.

ಇನ್ನು ಮಾಡಬಾರದ್ದು. ಬಿಸಿ ಶಾಖ ಕೊಡಬೇಡಿ. ಎಣ್ಣೆ, ಮುಲಾಮು ಹಚ್ಚಿ ತಿಕ್ಕಬೇಡಿ. "ನೆಟಿಗೆ ತೆಗೆಯುತ್ತೇನೆ" ಎಂದು ಬೆರಳು ಎಳೆಯಲು ಯಾರಿಗೂ ಬಿಡಬೇಡಿ. ಕೂದಲೆಳೆಯಷ್ಟಿದ್ದ ಬಿರುಕು ಎಳೆತದಿಂದ ಅಗಲವಾಗಬಹುದು. ಬಿದಿರಿನ ಚಕ್ಕೆ ಇಟ್ಟು ಬಿಗಿಯಾಗಿ ಕಟ್ಟುವುದಂತೂ ಇನ್ನೂ ಅಪಾಯ. ಒಳಗೆ ಊತ ಏರುತ್ತದೆ, ಹೊರಗೆ ಕಟ್ಟು ಸಡಿಲವಾಗುವುದಿಲ್ಲ. ರಕ್ತ ಹರಿಯದೆ ಬೆರಳುಗಳು ಸಾಯುತ್ತವೆ. ಹಾಗೆ ಕೊಳೆತ ಭಾಗವನ್ನು ಕತ್ತರಿಸದೆ ಬೇರೆ ದಾರಿ ಇರುವುದಿಲ್ಲ.

ಯಾವ ಮೂಳೆಗೆ ಯಾವ ಚಿಕಿತ್ಸೆ?

ಬೆರಳುಗಳು: ಮಂಚದ ಕಾಲಿಗೆ ತಾಗಿ ಕಿರುಬೆರಳು ಮುರಿಯುವುದು ಸಾಮಾನ್ಯ. ನೇರವಾಗಿದ್ದರೆ ನಡುವೆ ಹತ್ತಿ ಇಟ್ಟು ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತುತ್ತಾರೆ. ಗಟ್ಟಿ ಅಡಿಯ ಚಪ್ಪಲಿ ಹಾಕಿಕೊಂಡರೆ ನಾಲ್ಕರಿಂದ ಆರು ವಾರಗಳಲ್ಲಿ ಕೂಡುತ್ತದೆ. ಹೆಬ್ಬೆರಳು ಮಾತ್ರ ಹಾಗಲ್ಲ. ನಡೆಯುವಾಗ ದೇಹವನ್ನು ಮುಂದಕ್ಕೆ ತಳ್ಳುವುದೇ ಅದು. ಅದಕ್ಕೆ ಎಕ್ಸರೇ ತಪ್ಪಿಸಬೇಡಿ.

ಹೊರ ಅಂಚಿನ ನೀಳ ಮೂಳೆ: ಪಾದ ಒಳಕ್ಕೆ ಮಡಚಿ ಬಿದ್ದಾಗ ಮುರಿಯುವುದು ಹೆಚ್ಚಾಗಿ ಇದೇ. ಇದರಲ್ಲಿ ಎರಡು ಬಗೆ ಇವೆ. ಬುಡದ ತುದಿ ಚೂರಾಗಿ ಕಿತ್ತು ಬಂದಿದ್ದರೆ ಗಟ್ಟಿ ಬೂಟಿನಂಥ ಆಧಾರದಲ್ಲಿ ನೋವು ಸಹಿಸುವಷ್ಟು ನಡೆಯುತ್ತಾ ಆರರಿಂದ ಎಂಟು ವಾರಗಳಲ್ಲಿ ಗುಣವಾಗುತ್ತದೆ. ತುದಿಯಿಂದ ಸ್ವಲ್ಪ ಮುಂದೆ, ಜೋನ್ಸ್ ಕಂಡ ಜಾಗದಲ್ಲಿ ಮುರಿದಿದ್ದರೆ ಅಲ್ಲಿ ರಕ್ತ ಸಂಚಾರ ಕಡಿಮೆ. ಪ್ಲಾಸ್ಟರ್ ಹಾಕಿ ಆರರಿಂದ ಎಂಟು ವಾರ ಭಾರ ಹಾಕದೆ ಇರಬೇಕಾಗಬಹುದು. ಕೆಲವರಿಗೆ ತಿರುಪು ಹಾಕುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಎರಡೂ ಜಾಗಗಳ ಅಂತರ ಒಂದೆರಡು ಸೆಂಟಿಮೀಟರ್ ಅಷ್ಟೆ. ಪಕ್ಕದ ಮನೆಯವರು ಪ್ಲಾಸ್ಟರ್ ಇಲ್ಲದೆ ಗುಣವಾದರೆಂದು ನೀವೂ ಹಾಗೇ ಮಾಡಬಾರದು ಎನ್ನುವುದಕ್ಕೆ ಇದೇ ಕಾರಣ.

ಪಾದದ ನಡುಭಾಗ: ನೆಪೋಲಿಯನ್ ಕಾಲದ ಫ್ರೆಂಚ್ ಶಸ್ತ್ರವೈದ್ಯ ಲಿಸ್‌ಫ್ರಾಂಕ್ ಅವರ ಹೆಸರಿನ ಕೀಲು ಇಲ್ಲಿದೆ. ಇಲ್ಲಿನ ಪೆಟ್ಟು ಮೊದಲ ಎಕ್ಸರೇಯಲ್ಲಿ ಕಣ್ಣಿಗೆ ಬೀಳದೆ ಹೋಗುವುದುಂಟು. "ಎಕ್ಸರೇ ಸರಿ ಇದೆ" ಎಂದಿದ್ದರೂ ವಾರದ ನಂತರ ಪಾದ ಊರಲಾಗದಿದ್ದರೆ ಮತ್ತೆ ಹೋಗಿ. ನಿಂತ ಭಂಗಿಯ ಎಕ್ಸರೇ ಅಥವಾ ಸಿ.ಟಿ. ಸ್ಕ್ಯಾನ್ ಬೇಕಾಗಬಹುದು. ಬಿಟ್ಟರೆ ಪಾದದ ಕಮಾನು ಕುಸಿದು ಸಂಧಿವಾತ ಉಳಿಯುತ್ತದೆ.

ಹಿಮ್ಮಡಿ: ತೆಂಗಿನ ಮರದಿಂದಲೋ ತಾರಸಿಯಿಂದಲೋ ಕಾಲ ಮೇಲೆ ಬಿದ್ದವರಲ್ಲಿ ಹಿಮ್ಮಡಿಯ ಮೂಳೆ ನಜ್ಜುಗುಜ್ಜಾಗಬಹುದು. ಇಂಥವರಲ್ಲಿ ಕೆಲವರಿಗೆ ಬೆನ್ನೆಲುಬೂ ಮುರಿದಿರುತ್ತದೆ. ಆದ್ದರಿಂದ ಬೆನ್ನು ನೋವಿದೆಯೇ ಎಂದು ವೈದ್ಯರಿಗೆ ತಪ್ಪದೆ ತಿಳಿಸಿ.

ಪೆಟ್ಟೇ ಇಲ್ಲದ ಬಿರುಕು: 1855ರಲ್ಲಿ ಪ್ರಷ್ಯಾದ ಸೈನ್ಯದ ವೈದ್ಯ ಬ್ರೈಟ್‌ಹಾಪ್ಟ್, ದೂರ ನಡೆದ ಸೈನಿಕರ ಪಾದಗಳು ಊದಿಕೊಳ್ಳುವುದನ್ನು ವಿವರಿಸಿದರು. ಅದು ಸಣ್ಣ ಬಿರುಕು ಎಂದು ತಿಳಿದದ್ದು ಎಕ್ಸರೇ ಬಂದ ಮೇಲೆ. ನಡಿಗೆ ಅಭ್ಯಾಸವಿಲ್ಲದವರು ಒಮ್ಮೆಲೇ ದಿನಾ ಮೈಲುಗಟ್ಟಲೆ ನಡೆದರೂ ಹೀಗಾಗುತ್ತದೆ. ಹಜ್ಜ್, ಉಮ್ರಾಕ್ಕೆ ಹೊರಡುವವರು ಇದನ್ನು ನೆನಪಿಡಿ. ಎರಡು ಮೂರು ತಿಂಗಳು ಮೊದಲೇ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ನಡಿಗೆ ಹೆಚ್ಚಿಸಿ, ಮೆತ್ತನೆಯ ಗಟ್ಟಿ ಪಾದರಕ್ಷೆ ರೂಢಿಸಿಕೊಳ್ಳಿ. ನಡೆದಾಗ ನೋವು, ಕೂತಾಗ ಕಡಿಮೆ, ಒಂದೇ ಬಿಂದುವಿನಲ್ಲಿ ಒತ್ತಿದರೆ ನೋವು: ಇದು ಇದರ ಗುರುತು. ಮೊದಲ ಎರಡು ಮೂರು ವಾರ ಎಕ್ಸರೇಯಲ್ಲಿ ಕಾಣದಿರಬಹುದು.

ಮಕ್ಕಳ ಪಾದ: ಸೈಕಲ್ ಅಥವಾ ಬೈಕಿನ ಹಿಂಬದಿ ಕುಳಿತ ಮಗುವಿನ ಪಾದ ಚಕ್ರದ ಕಡ್ಡಿಗಳ ನಡುವೆ ಸಿಕ್ಕುವುದು ನಮ್ಮಲ್ಲಿ ಪದೇ ಪದೇ ನಡೆಯುವ ಅವಘಡ. ಹೊರಗೆ ಚರ್ಮ ತರಚಿದಂತೆ ಕಂಡರೂ ಒಳಗೆ ಮೂಳೆಗೆ ಪೆಟ್ಟಾಗಿರಬಹುದು, ಕೆಲವು ದಿನಗಳಲ್ಲಿ ಚರ್ಮ ಕಪ್ಪಾಗಲೂಬಹುದು. ಮಕ್ಕಳ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪದರವಿದೆ. ಅದಕ್ಕೆ ಹಾನಿಯಾದರೆ ಬೆಳೆಯುವಾಗ ಮೂಳೆ ಸೊಟ್ಟಗಾಗಬಹುದು. ಕಾಲೂರದೆ ಅಳುವ ಮಗುವನ್ನು "ನಾಟಕ" ಎಂದು ಗದರಬೇಡಿ.

ಸಕ್ಕರೆ ಕಾಯಿಲೆ ಇರುವವರು ಓದಲೇಬೇಕಾದದ್ದು

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಬಹಳ ವರ್ಷಗಳ ಮಧುಮೇಹದಿಂದ ಪಾದದ ನರಗಳು ಜಡವಾಗುತ್ತವೆ. ಆಗ ಮೂಳೆ ಮುರಿದರೂ ನೋವಾಗದು. ನೋವಿಲ್ಲದ್ದರಿಂದ ನಡೆಯುತ್ತಲೇ ಇರುತ್ತಾರೆ, ಒಳಗೆ ಮೂಳೆಗಳು ಒಂದೊಂದಾಗಿ ಕುಸಿಯುತ್ತವೆ. ನಿಮ್ಮ ತಾಯಿಯ ಅಥವಾ ಅತ್ತೆಯ ಒಂದು ಪಾದ ಇನ್ನೊಂದಕ್ಕಿಂತ ಬಿಸಿಯಾಗಿ, ಕೆಂಪಾಗಿ, ಊದಿಕೊಂಡಿದ್ದರೆ "ನೋವಿಲ್ಲ" ಎಂಬ ಅವರ ಮಾತಿಗೆ ಸಮಾಧಾನಪಡಬೇಡಿ. ಅಂದೇ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಆ ಕಾಲು ನೆಲಕ್ಕೆ ಊರದಿರಲಿ.

ಪ್ಲಾಸ್ಟರ್ ಹಾಕಿದ ಮೇಲೆ

1852ರಲ್ಲಿ ಡಚ್ ಸೈನ್ಯದ ವೈದ್ಯ ಮಾಥೈಸನ್ ಪ್ಲಾಸ್ಟರ್ ಪುಡಿ ಹಚ್ಚಿದ ಬಟ್ಟೆಪಟ್ಟಿಯ ವಿಧಾನವನ್ನು ಪ್ರಕಟಿಸಿದರು. ಇಂದು ನಾವು ಹಾಕಿಸಿಕೊಳ್ಳುವ ಪ್ಲಾಸ್ಟರ್ ಅದರ ಮುಂದುವರಿಕೆಯೇ. ಅದು ಒದ್ದೆಯಾಗಬಾರದು. ತುರಿಕೆ ಬಂತೆಂದು ಹೆಣಿಗೆ ಕಡ್ಡಿ, ಪೆನ್ಸಿಲ್ ತೂರಿಸಬಾರದು. ಒಳಗೆ ಗೀರಿ ಹುಣ್ಣಾದರೆ ಹೊರಗೆ ತಿಳಿಯದು. ಮೊದಲ ಕೆಲವು ದಿನ ಕಾಲನ್ನು ಎತ್ತರದಲ್ಲಿಡಿ, ಬೆರಳುಗಳನ್ನು ಗಂಟೆಗೊಮ್ಮೆ ಆಡಿಸಿ.

ನೋವು ಕಡಿಮೆಯಾಗದೆ ಏರುತ್ತಿದ್ದರೆ, ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ಪ್ಲಾಸ್ಟರಿನಿಂದ ವಾಸನೆ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಮೀನಖಂಡ ಊದಿ ನೋಯುವುದು, ಹಠಾತ್ತನೆ ಎದೆನೋವು, ಉಸಿರುಗಟ್ಟುವಿಕೆ ಬಂದರೆ ಅದು ರಕ್ತ ಹೆಪ್ಪುಗಟ್ಟಿದ ಸೂಚನೆ ಆಗಿರಬಹುದು. ಅದೂ ತುರ್ತು.

ಊರುಗೋಲು ಹಿಡಿಯುವಾಗ ಭಾರ ಅಂಗೈ ಮೇಲಿರಲಿ, ಕಂಕುಳಿನ ಮೇಲಲ್ಲ. ಕಂಕುಳಿಗೆ ಒತ್ತಿದರೆ ಕೈಯ ನರಕ್ಕೆ ಪೆಟ್ಟು. ನೋವಿಗೆ ವೈದ್ಯರು ಹೇಳಿದ ಮಾತ್ರೆಯನ್ನಷ್ಟೇ ತೆಗೆದುಕೊಳ್ಳಿ. ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು, ಗರ್ಭ ಇರುವವರು ಅಂಗಡಿಯ ನೋವಿನ ಮಾತ್ರೆಯನ್ನು ತಾವಾಗಿಯೇ ನುಂಗಬಾರದು. ತಂಬಾಕು ಬಿಡಿ. ಬೀಡಿಯಲ್ಲಿರಲಿ, ಎಲೆಅಡಿಕೆಯ ಜೊತೆಗಿರಲಿ, ಅದು ಮೂಳೆ ಕೂಡುವುದನ್ನು ನಿಧಾನಗೊಳಿಸುತ್ತದೆ. ಪ್ಲಾಸ್ಟರ್ ಬಿಚ್ಚಿದಾಗ ಕಾಲು ಸೊರಗಿ, ಗಂಟು ಬಿಗಿದಿರುತ್ತದೆ. ಗಾಬರಿ ಬೇಡ. ಫಿಸಿಯೋಥೆರಪಿಯ ವ್ಯಾಯಾಮ ತಪ್ಪಿಸದಿದ್ದರೆ ಬಲ ಮರಳುತ್ತದೆ.

ವುಝೂ, ನಮಾಝ್ ಮತ್ತು ಪರ್ದಾ

ಪ್ಲಾಸ್ಟರ್ ಒದ್ದೆಯಾದರೂ ಪರವಾಗಿಲ್ಲ, ವುಝೂ ಬಿಡಲಾರೆ ಎಂದು ಹಟ ಹಿಡಿಯುವವರಿದ್ದಾರೆ. ನಮಾಝನ್ನೇ ಬಿಟ್ಟು ಕೂರುವವರೂ ಇದ್ದಾರೆ. ಎರಡೂ ಬೇಕಿಲ್ಲ. ನಮ್ಮ ಧರ್ಮದಲ್ಲಿ ಇದಕ್ಕೆ ರಿಯಾಯಿತಿ ಇದೆ. ಉಳಿದ ಅಂಗಗಳನ್ನು ತೊಳೆದು ಪ್ಲಾಸ್ಟರಿನ ಮೇಲೆ ಒದ್ದೆ ಕೈಯಾಡಿಸಿ ಮಸಹ್ ಮಾಡಬಹುದು. ಶಾಫಿಈ ಮದ್‌ಹಬ್‌ನವರು ಇದರ ಜೊತೆ ತಯಮ್ಮುಮ್ ಕೂಡ ಮಾಡುತ್ತಾರೆ. ನಿಲ್ಲಲಾಗದವರು ಕುಳಿತು, ಅದೂ ಆಗದವರು ಮಲಗಿ ನಮಾಝ್ ನಿರ್ವಹಿಸಬಹುದು. ವಿವರಗಳನ್ನು ನಿಮ್ಮ ಊರಿನ ಉಲಮಾರಲ್ಲಿ ಕೇಳಿ.

ಪಾದವನ್ನು ಪುರುಷ ವೈದ್ಯರಿಗೆ ತೋರಿಸಲು ಸಂಕೋಚಪಟ್ಟು ದಿನ ದೂಡುವ ಸಹೋದರಿಯರೂ ಇದ್ದಾರೆ. ವೈದ್ಯೆ ಸಿಕ್ಕರೆ ಒಳ್ಳೆಯದೇ. ಸಿಗದಿದ್ದಾಗ ಚಿಕಿತ್ಸೆಗೆ ಬೇಕಾದಷ್ಟು ಭಾಗವನ್ನು ತೋರಿಸುವುದಕ್ಕೆ ಅಡ್ಡಿಯಿಲ್ಲ. ಪತಿಯೋ ಮಗನೋ ಜೊತೆಗಿರಲಿ. ಆದರೆ ಸಂಕೋಚಕ್ಕಾಗಿ ಕಾಲನ್ನು ಕಳೆದುಕೊಳ್ಳಬೇಡಿ.

ಮೂಳೆ ಗಟ್ಟಿಯಾಗಿರಲು

ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ನಿಂತ ಎತ್ತರದಿಂದ ಸುಮ್ಮನೆ ಬಿದ್ದು ಮೂಳೆ ಮುರಿದರೆ ಅದು ಎಚ್ಚರಿಕೆಯ ಗಂಟೆ. ಮೂಳೆಯ ಸಾಂದ್ರತೆಯ ಪರೀಕ್ಷೆಯ ಬಗ್ಗೆ ವೈದ್ಯರಲ್ಲಿ ಕೇಳಿ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ರಾಗಿ, ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು, ಮುಳ್ಳುಸಹಿತ ತಿನ್ನುವ ಸಣ್ಣ ಮೀನು ಇವೆಲ್ಲ ನಮ್ಮ ಅಡುಗೆಮನೆಯಲ್ಲೇ ಇವೆ. ಇವುಗಳಲ್ಲಿನ ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು, ಅದು ಬಿಸಿಲಿನಿಂದ ಸಿಗುತ್ತದೆ. ಹೊರಗೆ ಮೈಮುಚ್ಚಿ ಹೋಗುವವರು ಮನೆಯ ಹಿತ್ತಲಲ್ಲೋ ತಾರಸಿಯ ಮರೆಯಲ್ಲೋ ತೋಳು, ಕಾಲುಗಳಿಗೆ ಸ್ವಲ್ಪ ಬಿಸಿಲು ತಾಗಿಸಿಕೊಳ್ಳಲಿ. ಬಚ್ಚಲಿನ ಪಾಚಿ ಉಜ್ಜಿ ತೆಗೆಯುವುದು, ಮೆಟ್ಟಿಲಿಗೆ ದೀಪ ಹಾಕುವುದು, ಜಾರದ ಚಪ್ಪಲಿ ಧರಿಸುವುದು ಯಾವ ಔಷಧಕ್ಕೂ ಕಡಿಮೆಯಲ್ಲ.

ಮನೆಯವರಿಗೊಂದು ಮಾತು

ಆರು ವಾರ ಕಾಲೂರಬೇಡಿ ಎಂದು ವೈದ್ಯರು ಬರೆದುಕೊಡುವುದು ಸುಲಭ. ಆದರೆ ಆ ಆರು ವಾರ ಅನ್ನ ಬೇಯಿಸುವವರು ಯಾರು? ನೀರು ಸೇದುವವರು ಯಾರು? ಬಹಳಷ್ಟು ಹೆಂಗಸರು ಮೂರನೇ ವಾರದಲ್ಲೇ ಪ್ಲಾಸ್ಟರ್ ಕಾಲಿನಲ್ಲಿ ಒಲೆಯ ಮುಂದೆ ನಿಲ್ಲುವುದು ಹಟದಿಂದಲ್ಲ, ಬೇರೆ ಯಾರೂ ನಿಲ್ಲದ್ದರಿಂದ. ಕೂಡದ ಮೂಳೆಗೆ ಕಾರಣ ಕೆಲವೊಮ್ಮೆ ಮೂಳೆಯಲ್ಲಿರುವುದಿಲ್ಲ, ಮನೆಯಲ್ಲಿರುತ್ತದೆ.

ಆದ್ದರಿಂದ ಈ ಲೇಖನವನ್ನು ನೀವೊಬ್ಬರೇ ಓದಿ ಮಡಚಿಡಬೇಡಿ. ಪತಿಗೂ ಬೆಳೆದ ಮಕ್ಕಳಿಗೂ ಓದಲು ಕೊಡಿ. ಮನೆಯಲ್ಲಿ ಯಾರಾದರೂ ಕಾಲು ಹೊರಳಿಸಿಕೊಂಡಾಗ ಎಣ್ಣೆಯ ಬಾಟಲಿ ಹುಡುಕುವ ಮೊದಲು ಎರಡು ಪ್ರಶ್ನೆ ಕೇಳಿ: ಮೂಳೆಯ ಮೇಲೆ ಒತ್ತಿದರೆ ನೋವಿದೆಯೇ? ನಾಲ್ಕು ಹೆಜ್ಜೆ ನಡೆಯಲು ಆಗುತ್ತದೆಯೇ? ಉತ್ತರದಲ್ಲಿ ಸಂದೇಹವಿದ್ದರೆ ಅಂದೇ ಹತ್ತಿರದ ತಾಲೂಕು ಆಸ್ಪತ್ರೆಗೆ ಹೊರಡಿ.